ಹಸಿರು ಪಾಚಿಗೆ ಹೆಸರು ಹಿಡಿಯಲು ಯಾವ ಸೀಸೆ: ಲುಗೋಲ್, ಫಾರ್ಮಲಿನ್, ಇಲ್ಲ ಜೀವಂತ ನೀರು?

ಒಂದೇ ಕೆರೆಯ ನೀರನ್ನು ಮೂರು ಸೀಸೆಗೆ ಹಂಚಿ, ಒಂದಕ್ಕೆ ಲುಗೋಲ್ (ಅಯೊಡಿನ್ ದ್ರಾವಣ), ಇನ್ನೊಂದಕ್ಕೆ ಫಾರ್ಮಲಿನ್ (ಮಾದರಿ ಕೆಡದಂತೆ ಕಾಯುವ ಫಾರ್ಮಾಲ್ಡಿಹೈಡ್ ದ್ರಾವಣ) ಬೆರೆಸಿ, ಮೂರನೆಯದನ್ನು ಹಾಗೇ ಇಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೂರರಲ್ಲೂ ಕಾಣುವ ಪಾಚಿಯ ಲಕ್ಷಣಗಳೇ ಬೇರೆ. ನಮ್ಮ ಬಯಲುಸೀಮೆಯ ಬೆಚ್ಚಗಿನ ಕೆರೆಗಳಿಗೆ ನಾವು ನೆಚ್ಚುವುದು ಲುಗೋಲ್ ಮತ್ತು ಜೀವಂತ ನೀರಿನ ಜೋಡಿಯನ್ನು.

ಲುಗೋಲ್ ತಯಾರಿಸಲು 20 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಅದಕ್ಕೆ 10 ಗ್ರಾಂ ಅಯೊಡಿನ್ ಹಾಕಬೇಕು. ಕ್ರಮ ತಪ್ಪಿದರೆ ಅಯೊಡಿನ್ ಕರಗದೆ ತಳದಲ್ಲೇ ಕೂರುತ್ತದೆ. ಒಟ್ಟು ನೀರು 200 ಮಿ.ಲೀ., ಕೊನೆಗೆ 20 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ. 100 ಮಿ.ಲೀ. ಮಾದರಿಗೆ ಅರ್ಧದಿಂದ ಒಂದು ಮಿ.ಲೀ. ಸಾಕು; ಬಣ್ಣ ಹಾಲು ಹಾಕದ ತಿಳಿ ಚಹಾದಂತಿರಲಿ. ಪೈರಿನಾಯ್ಡ್ (ಕ್ಲೋರೋಪ್ಲಾಸ್ಟಿನೊಳಗಿನ ಪ್ರೋಟೀನ್ ಗುಳಿಗೆ) ಸುತ್ತಲಿನ ಪಿಷ್ಟ ಕಡುನೀಲಿ ಅಥವಾ ಕಪ್ಪಾದರೆ ಅದು ಬಹುಮಟ್ಟಿಗೆ ಹಸಿರು ಪಾಚಿ. ಹಸಿರಾಗಿದ್ದರೂ ಬೇರೆ ಗುಂಪಿಗೆ ಸೇರಿದ ಯೂಗ್ಲೀನಾ ಕೂಡಿಡುವ ಪ್ಯಾರಾಮೈಲಾನ್ ಎಂಬ ಆಹಾರವಸ್ತು ಹೀಗೆ ಬಣ್ಣ ಹಿಡಿಯುವುದಿಲ್ಲ. ಹಸಿರು ಬಣ್ಣಕ್ಕೆ ಮೋಸಹೋಗುವವರಿಗೆ ಇದೊಂದೇ ಪರೀಕ್ಷೆ ಎಷ್ಟೋ ತಪ್ಪು ತಪ್ಪಿಸುತ್ತದೆ. ಕೊರತೆಯೂ ಇಲ್ಲೇ ಇದೆ: ಕಪ್ಪು ಹೆಚ್ಚಾದರೆ ಕ್ಲೋರೋಪ್ಲಾಸ್ಟಿನ ಆಕಾರ ಮುಚ್ಚಿಹೋಗುತ್ತದೆ. ಆಗ ಸ್ಲೈಡಿಗೆ ಒಂದು ಹನಿ ಸೋಡಿಯಂ ಥಯೋಸಲ್ಫೇಟ್ ಬಿಟ್ಟರೆ ಬಣ್ಣ ಇಳಿಯುತ್ತದೆ. ಬೆಳಕಿಗೂ ಪ್ಲಾಸ್ಟಿಕ್ಕಿಗೂ ಅಯೊಡಿನ್ ಕಳೆದುಹೋಗುವುದರಿಂದ ಕಂದು ಗಾಜಿನ ಸೀಸೆ ಬೇಕು; ಚಹಾ ಬಣ್ಣ ತೆಳುವಾದಂತೆ ಮತ್ತೆ ಕೆಲವು ಹನಿ.

ಫಾರ್ಮಲಿನ್ ಆದರೆ 100 ಮಿ.ಲೀ. ಮಾದರಿಗೆ 4 ಮಿ.ಲೀ. ಹಾಕಬೇಕು. ಕಾಸ್ಮೇರಿಯಂ, ಸ್ಟಾರಾಸ್ಟ್ರಂ ಮೊದಲಾದ ಡೆಸ್ಮಿಡ್‌ಗಳ (ಒಂದು ಗುಂಪಿನ ಹಸಿರು ಪಾಚಿಗಳು) ಕೋಶಗೋಡೆಯ ಗಂಟು, ಮುಳ್ಳು ವರ್ಷಗಟ್ಟಲೆ ಉಳಿಯುತ್ತವೆ. ಆದರೆ ಹಸಿರು ಮಾಸುತ್ತದೆ, ಈಜಾಡುವ ಪಾಚಿ ಕ್ಲಾಮಿಡೋಮೊನಾಸ್‌ನ ಕಶಾಂಗಗಳು (ಚಾವಟಿಯಂಥ ಎಳೆಗಳು) ಉದುರುತ್ತವೆ, ಡಿಎನ್‌ಎ ಕೆಡುತ್ತದೆ. ಸಾಲದ್ದಕ್ಕೆ ಕ್ಯಾನ್ಸರ್‌ಕಾರಕ. ದೀರ್ಘ ಸಂಗ್ರಹಕ್ಕೆ ಮಾತ್ರ ಇರಲಿ.

ಜೀವಂತ ನೀರಿನ ಸೀಸೆಯನ್ನು ಅರ್ಧ ಮಾತ್ರ ತುಂಬಿ, ನೆರಳಲ್ಲಿಟ್ಟು, ಅದೇ ದಿನ ನೋಡಬೇಕು. ಬಲೆಯಿಂದ ಸೋಸಿ ದಟ್ಟವಾದ ಮಾದರಿ ಸೆಕೆಗೆ ಬೇಗ ಕೊಳೆಯುತ್ತದೆ. ಅದರಲ್ಲಿನ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಸಣ್ಣ ಕೋಶಗಳನ್ನು ತಿಂದೂ ಮುಗಿಸುತ್ತವೆ. 20 ಮೈಕ್ರಾನ್ ಕಣ್ಣಿನ ಬಲೆಯಲ್ಲಿ ಕ್ಲೋರೆಲ್ಲಾದಂಥ ಪುಟ್ಟ ಪಾಚಿ ಜಾರಿಹೋಗುತ್ತದೆ, ಅದಕ್ಕೆ ಸೋಸದ ನೀರೇ ಬೇಕು. ಬೊಟ್ರಿಯೋಕಾಕಸ್ ಎಂಬ ಪಾಚಿಯ ಕೋಶಗುಂಪಿನ ಮೇಲೆ ಕವರ್‌ಸ್ಲಿಪ್ಪನ್ನು ಮೆಲ್ಲಗೆ ಒತ್ತಿದಾಗ ಎಣ್ಣೆಹನಿ ಹೊರಬರುವುದನ್ನು ನೋಡುವುದೇ ಚಂದ.

ಲಕ್ಷಣ ಸಿಕ್ಕ ಮೇಲೂ ಹಳೆಯ ಪಟ್ಟಿಯ ಹೆಸರು ಹೊಂದದಿರಬಹುದು. ಸೀನೆಡೆಸ್ಮಸ್ ಎಂಬ ಪಾಚಿಗಳಲ್ಲಿ ಮುಳ್ಳಿರುವವು 1999ರಲ್ಲಿ ಡೆಸ್ಮೋಡೆಸ್ಮಸ್ ಆದವು, ಪೀಡಿಯಾಸ್ಟ್ರಂ ಸಿಂಪ್ಲೆಕ್ಸ್ ಈಗ ಮೊನಾಕ್ಟಿನಸ್ ಸಿಂಪ್ಲೆಕ್ಸ್. ಎರಡೂ ಹೆಸರು ಬರೆದಿಡಿ. ಇನ್ನು ಎಳೆಎಳೆಯಾದ ಪಾಚಿ ಸ್ಪೈರೋಗೈರಾದಲ್ಲಿ ಜೈಗೋಸ್ಪೋರ್ (ಎರಡು ಕೋಶಗಳ ಮಿಲನದಿಂದಾದ ಬೀಜಕ) ಕಾಣದಿದ್ದರೆ ಮೂರು ಸೀಸೆಯೂ ಕೈಕೊಡುತ್ತವೆ. ಪ್ರಭೇದದ ಹೆಸರು ಹುಡುಕದೆ ಬರೀ ಸ್ಪೈರೋಗೈರಾ ಎಂದು ಬರೆದು ಬಿಡಬೇಕು.