ಮನೆ ಸರ್ವರ್‌ಗೆ ಫೈಲ್ ಸಾಗಿಸೋಕೆ ಸಿಂಕ್‌ಥಿಂಗ್: ವರ್ಷಗಟ್ಟಲೆ ಬಳಸಿದ ಮೇಲೆ

ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಮನೆಯಲ್ಲಿ ಸರ್ವರ್ ಮಾಡಿಕೊಂಡಿದ್ದೇನೆ. ಮನೆಯವರೆಲ್ಲರ ಫೋನಿನ ಫೋಟೊ, ವಿಡಿಯೊ, ನನ್ನ ಲ್ಯಾಪ್‌ಟಾಪಿನ ಫೈಲ್‌ಗಳು ಎಲ್ಲ ಅಲ್ಲಿಗೇ ಹೋಗುತ್ತವೆ. ಈ ಕೆಲಸಕ್ಕೆ ಕೆಲವು ವರ್ಷಗಳಿಂದ ಸಿಂಕ್‌ಥಿಂಗ್ ಬಳಸುತ್ತಿದ್ದೇನೆ, ಬೇರೆ ಬೇರೆ ಸಾಧನಗಳಲ್ಲಿರುವ ಫೋಲ್ಡರ್‌ಗಳನ್ನು ಒಂದೇ ಥರ ಇಡುವ ಸಾಫ್ಟ್‌ವೇರ್ ಇದು. ಉಚಿತ, ಓಪನ್ ಸೋರ್ಸ್. ಯಾರ ಕ್ಲೌಡಿನಲ್ಲೂ ಅಕೌಂಟ್ ಬೇಕಿಲ್ಲ.

ನನಗೆ ಇದು ಇಷ್ಟವಾಗಲು ಮೊದಲ ಕಾರಣ ನಮ್ಮೂರಿನ ಕರೆಂಟು. ದೊಡ್ಡ ವಿಡಿಯೊ ಅರ್ಧ ಹೋಗಿರುವಾಗ ಕರೆಂಟ್ ಹೋದರೆ ಸಾಂಬಾದಲ್ಲಿ (ಸರ್ವರ್‌ನ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಹಂಚುವ ಸಾಫ್ಟ್‌ವೇರ್) ಕಾಪಿ ಮಾಡುವವರಿಗೆ ಗೊತ್ತು, ಮತ್ತೆ ಮೊದಲಿಂದ ಶುರು ಮಾಡಬೇಕು. ಸಿಂಕ್‌ಥಿಂಗ್ ಫೈಲನ್ನು ತುಂಡು ತುಂಡಾಗಿ ಕಳಿಸುತ್ತದೆ. ಒಂದೊಂದು ತುಂಡು ಕನಿಷ್ಠ 128 ಕಿಲೋಬೈಟ್, ಫೈಲ್ ದೊಡ್ಡದಾದಷ್ಟೂ ತುಂಡೂ ದೊಡ್ಡದು. ಸರ್ವರ್‌ನಲ್ಲಿ ಅವು ಮೊದಲು ಒಂದು ತಾತ್ಕಾಲಿಕ ಫೈಲಿನಲ್ಲಿ ಕೂಡಿಕೊಳ್ಳುತ್ತವೆ. ಎಲ್ಲ ತುಂಡೂ ಬಂದು, ತಾಳೆ ನೋಡಿದ ಮೇಲೆಯೇ ಫೈಲಿಗೆ ಅದರ ನಿಜವಾದ ಹೆಸರು ಬರೋದು. ಹಾಗಾಗಿ ಅರ್ಧಂಬರ್ಧ ವಿಡಿಯೊ ಪೂರ್ತಿ ಫೈಲಿನ ವೇಷದಲ್ಲಿ ಕೂತಿರೋದಿಲ್ಲ. ಕರೆಂಟ್ ಬಂದಾಗ ಉಳಿದ ತುಂಡುಗಳಷ್ಟೇ ಬರುತ್ತವೆ.

ಎರಡನೆಯದು, ಊರಿಗೆ ಹೋದಾಗಲೂ ಕೆಲಸ ನಡೆಯುತ್ತದೆ. ನಮ್ಮ ಇಂಟರ್‌ನೆಟ್ ಕನೆಕ್ಷನ್‌ನಲ್ಲಿ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪುವ ವಿಳಾಸ ಇಲ್ಲ, ರೂಟರ್‌ನಲ್ಲಿ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ನೇರ ದಾರಿ ಸಿಗದಿದ್ದಾಗ ಸಿಂಕ್‌ಥಿಂಗ್ ಸ್ವಯಂಸೇವಕರು ನಡೆಸುವ ರಿಲೇ ಸರ್ವರ್‌ಗಳ ಮೂಲಕ ಕಳಿಸುತ್ತದೆ. ಡೇಟಾ ಎನ್‌ಕ್ರಿಪ್ಟ್ ಆಗಿರೋದರಿಂದ ಮಧ್ಯದವರು ಓದಲಾರರು. ಸ್ಪೀಡ್ ಮಾತ್ರ ತೀರಾ ಕಮ್ಮಿ. ಫೋಟೊಗಳಿಗೆ ಸಾಕು, ವಿಡಿಯೊಗೆ ಮನೆ ವೈಫೈ ಸಿಗುವ ತನಕ ಕಾಯೋದೇ ವಾಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಇದು ಬ್ಯಾಕಪ್ ಅಲ್ಲ, ದಯವಿಟ್ಟು ಹಾಗೆ ನಂಬಿ ಕೂರಬೇಡಿ. ಜಾಗ ಸಾಲದೆ ಫೋನಿನಲ್ಲಿ ಮಗುವಿನ ಫೋಟೊ ಅಳಿಸಿದರೆ ಸರ್ವರ್‌ನಲ್ಲೂ ಅಳಿಯುತ್ತದೆ. ಫೋನಿನ ಫೋಲ್ಡರನ್ನು 'ಸೆಂಡ್ ಓನ್ಲಿ' (ಕಳಿಸೋದು ಮಾತ್ರ) ಮಾಡಿದರೂ ಅಷ್ಟೇ, ಅಳಿಸಿದ್ದೂ ಕಳಿಸುವ ಸುದ್ದಿಯೇ ಅಲ್ವಾ. ಸರ್ವರ್ ಕಡೆಯ ಫೋಲ್ಡರ್‌ನಲ್ಲಿ 'ಫೈಲ್ ವರ್ಷನಿಂಗ್' ಆನ್ ಮಾಡಿ. ಆಗ ಫೋನಿಂದ ಅಳಿಸಿದ್ದು ಅಲ್ಲಿನ ಬೇರೆ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಸರ್ವರ್‌ನಲ್ಲೇ ಕೂತು ನೀವೇ ಅಳಿಸಿದರೆ ಮಾತ್ರ ಅದು ಕಾಯೋದಿಲ್ಲ. ನಾನು ಇದರ ಜೊತೆಗೆ ಇನ್ನೊಂದು ಡಿಸ್ಕಿಗೆ ಆರ್‌ಸಿಂಕ್ ಅನ್ನೋ ಕಾಪಿ ಮಾಡುವ ಪ್ರೋಗ್ರಾಮಿನಿಂದ ಬ್ಯಾಕಪ್ ಇಟ್ಟಿದ್ದೇನೆ.

ಫೋನ್‌ಗಳ ವಿಷಯ ಸ್ವಲ್ಪ ಬೇಜಾರಿನದು. ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಈಗ ಅದರದೇ ಕೋಡಿನಿಂದ ಬೇರೆಯವರು ಮಾಡಿದ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಂಡಿದ್ದೇನೆ, ಚೆನ್ನಾಗಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಅದನ್ನು ಹೊರಗಿಡಿ, ಇಲ್ಲವಾದರೆ ಫೋನ್ ಅದನ್ನು ಹಿನ್ನೆಲೆಯಲ್ಲಿ ಸುಮ್ನೆ ನಿಲ್ಲಿಸಿಬಿಡುತ್ತದೆ. ಚಾರ್ಜ್‌ಗೆ ಹಾಕಿದಾಗ, ವೈಫೈ ಇದ್ದಾಗ ಮಾತ್ರ ಓಡಲಿ ಅಂತ ಇಟ್ಟರೆ ಸಾಕು. ಐಫೋನ್‌ಗೆ ಅಧಿಕೃತ ಆ್ಯಪ್ ಇಲ್ಲ.

ಒಂದೇ ಫೈಲನ್ನು ಎರಡು ಕಡೆ ತಿದ್ದಿದರೆ ಏನಾಗುತ್ತೆ? ಮನೆ ಖರ್ಚಿನ ಎಕ್ಸೆಲ್‌ಗೆ ಹೀಗೆ ಆಗಾಗ ಆಗುತ್ತದೆ. ಒಂದು ಪ್ರತಿ ಇದ್ದ ಹೆಸರಲ್ಲೇ ಉಳಿಯುತ್ತದೆ, ಇನ್ನೊಂದರ ಹೆಸರಿಗೆ 'ಸಿಂಕ್-ಕಾನ್‌ಫ್ಲಿಕ್ಟ್' ಅಂತ, ಜೊತೆಗೆ ತಾರೀಖು, ಸಮಯ ಸೇರುತ್ತದೆ. ಎರಡನ್ನೂ ತೆರೆದು ನಾವೇ ಕೂಡಿಸಬೇಕು. ರೇಜಿಗೆ ಹೌದು, ಆದರೆ ಯಾರು ಬರೆದಿದ್ದೂ ಕಳೆದುಹೋಗೋದಿಲ್ಲ.

ಪೈ 4ರಲ್ಲಿ ಮೊದಲ ಸ್ಕ್ಯಾನ್, ಅಂದರೆ ಎಲ್ಲ ಫೈಲನ್ನೂ ಓದಿ ತಾಳೆ ನೋಡಲು ಬೇಕಾದ ಲೆಕ್ಕ ಹಾಕೋದು, ನಿಧಾನ. ಇಂಥ ಲೆಕ್ಕಗಳಿಗೆ, ಎನ್‌ಕ್ರಿಪ್ಷನ್‌ಗೆ ಬೇಕಾದ ವಿಶೇಷ ಸೌಲಭ್ಯ ಅದರ ಪ್ರೊಸೆಸರ್‌ನಲ್ಲಿಲ್ಲ, ಪೈ 5ರಲ್ಲಿದೆ. ಫೋಟೊ ರಾಶಿ ದೊಡ್ಡದಿದ್ದು, ಈಗ ಹೊಸದಾಗಿ ಕೊಳ್ಳುವವರಾದರೆ ಪೈ 5 ತಗೊಳ್ಳಿ. ಪೈ 4 ಈಗಾಗಲೇ ಇದ್ದರೆ ಬದಲಾಯಿಸೋದು ಬೇಡ. ಆ ಮೊದಲ ಸ್ಕ್ಯಾನ್ ಒಂದು ರಾತ್ರಿ ಓಡಲು ಬಿಡಿ, ಆಮೇಲೆ ಬದಲಾದ ಫೈಲ್‌ಗಳನ್ನಷ್ಟೇ ಅದು ನೋಡುತ್ತದೆ.