ಕೇಡೆನ್ಸೋ, ಟಾರ್ಕೋ? ಚಾಮುಂಡಿ ಬೆಟ್ಟದ ಏರಿನಲ್ಲಿ, ಮಂಡ್ಯದ ನಾಲೆ ದಾರಿಯಲ್ಲಿ

ಇ-ಸೈಕಲ್ ಕೊಳ್ಳುವಾಗ ಎಲ್ಲರೂ ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂದು ಕೇಳುತ್ತಾರೆ. ನಾವು ತುಳಿಯುವುದನ್ನು ಗಮನಿಸಿ ಮೋಟರಿನ ನೆರವು ಕೊಡಿಸುವ ಪೆಡಲ್ ಸೆನ್ಸರ್ ಯಾವುದು, ಕೇಡೆನ್ಸೋ ಟಾರ್ಕೋ, ಎಂದು ಕೇಳುವವರು ಕಡಿಮೆ. 250 ವ್ಯಾಟ್ ಮೋಟರಿನ ಎರಡು ಸೈಕಲ್‌ಗಳನ್ನು, ಒಂದು ಕೇಡೆನ್ಸಿನದು, ಒಂದು ಟಾರ್ಕಿನದು, ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದರೆ ಅದರ ವ್ಯತ್ಯಾಸ ಮೊಣಕಾಲಿಗೇ ತಿಳಿಯುತ್ತದೆ.

ಕೇಡೆನ್ಸ್ ಸೆನ್ಸರಿಗೆ ಗೊತ್ತಿರುವುದು ಒಂದೇ: ಪೆಡಲ್ ತಿರುಗುತ್ತಿದೆಯೋ ಇಲ್ಲವೋ. ಪೆಡಲ್ ತಿರುಗುವ ಅಚ್ಚಿಗೆ ಕೂರಿಸಿದ ಮ್ಯಾಗ್ನೆಟ್ ಬಿಲ್ಲೆ ಸೆನ್ಸರಿನ ಮುಂದೆ ಹಾದಾಗ ಮೋಟರಿಗೆ ಸೂಚನೆ ಹೋಗುತ್ತದೆ. ಹಾಗಾಗಿ ಏರಿನ ನಡುವೆ ನಿಂತು ಮತ್ತೆ ಹೊರಟರೆ ಮೊದಲ ಕಾಲು ಸುತ್ತನ್ನು ನಾವೇ ತುಳಿಯಬೇಕು. ಗಟ್ಟಿ ಗೇರಿನಲ್ಲಿದ್ದರಂತೂ ಸೈಕಲ್ ಹಿಂದಕ್ಕೇ ಜಾರುತ್ತದೆ. ನಿಲ್ಲಿಸುವ ಮೊದಲೇ ಹಗುರ ಗೇರಿಗೆ ಇಳಿಸಿಕೊಳ್ಳುವುದೇ ಇದಕ್ಕೆ ಮದ್ದು.

ಟಾರ್ಕ್ ಸೆನ್ಸರ್ ಕಾಲಿನ ಒತ್ತಡವನ್ನೇ ಅಳೆಯುತ್ತದೆ. ತುಳಿದ ಕ್ಷಣಕ್ಕೇ ನೆರವು. ಜೋರಾಗಿ ತುಳಿದರೆ ಹೆಚ್ಚು, ಮೆಲ್ಲಗೆ ತುಳಿದರೆ ಕಡಿಮೆ. ದೇವರಾಜ ಮಾರುಕಟ್ಟೆಯ ಸುತ್ತಿನ ಜನಸಂದಣಿಯಲ್ಲಿ ನಡಿಗೆಯ ವೇಗದಲ್ಲಿ ನುಸುಳುವಾಗ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಅಲ್ಲಿ ಕೇಡೆನ್ಸ್ ಸೈಕಲ್ ಬೇಡವಾದಾಗ ಮುನ್ನುಗ್ಗುತ್ತದೆ. ಬ್ರೇಕ್ ಹಿಡಿದೊಡನೆ ಮೋಟರ್ ನಿಲ್ಲಿಸುವ ಸ್ವಿಚ್ ಅದಕ್ಕೆ ಇರಲೇಬೇಕು.

ಆದರೆ ಕೆಟ್ಟಾಗ ಲೆಕ್ಕ ತಿರುಗುಮುರುಗು. ಕೇಡೆನ್ಸ್ ಸೆನ್ಸರ್ ಅಗ್ಗ, ಮನೆಯಲ್ಲೇ ಸರಿಮಾಡಬಹುದು. ನೆರವು ಬಿಟ್ಟುಬಿಟ್ಟು ಬಂದರೆ ಮೊದಲು ಬಿಲ್ಲೆಗೂ ಸೆನ್ಸರಿಗೂ ನಡುವಿನ ಅಂತರ ನೋಡಿ. ಒಂದೆರಡು ಮಿಲಿಮೀಟರ್ ಸಾಕು. ಕೆಸರು ಮೆತ್ತಿಕೊಂಡಿದ್ದರೆ ಒರೆಸಿ. ಬಿಲ್ಲೆಯನ್ನು ತಿರುವಿ ಕೂರಿಸಿದ್ದರೆ ಹಿಂದಕ್ಕೆ ತುಳಿದಾಗ ಮೋಟರ್ ಓಡೀತು. ಬೇರೆ ಬಿಲ್ಲೆ ಹಾಕಿದರೆ ಮ್ಯಾಗ್ನೆಟ್ ಸಂಖ್ಯೆ ಮೋಟರನ್ನು ನಿಯಂತ್ರಿಸುವ ಕಂಟ್ರೋಲರಿನ ಸೆಟ್ಟಿಂಗಿಗೆ ಹೊಂದಬೇಕು.

ಟಾರ್ಕ್ ಸೆನ್ಸರ್ ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್ ಒಳಗೇ, ಅಂದರೆ ಪೆಡಲಿನ ಅಚ್ಚು ಕೂರುವ ಜಾಗದಲ್ಲೇ ಇರುತ್ತದೆ. ಬದಲಿಸಲು ಪೆಡಲಿನ ತೋಳು ಕಳಚುವ ಕ್ರ್ಯಾಂಕ್ ಪುಲ್ಲರ್ ಬೇಕು, ಫ್ರೇಮಿನಲ್ಲಿ ಆ ಜಾಗದ ಅಗಲ 68 ಮಿ.ಮೀ. ಇದೆಯೋ 73 ಇದೆಯೋ ಅಳೆಯಬೇಕು. ಹಲವು ಮಾದರಿಗಳು ಸ್ವಿಚ್ ಹಾಕಿದಾಗಿನ ಒತ್ತಡವನ್ನೇ ಸೊನ್ನೆ ಎಂದು ಹಿಡಿಯುತ್ತವೆ. ಕಾಲು ಪೆಡಲ್ ಮೇಲಿಟ್ಟು ಆನ್ ಮಾಡಿದರೆ ನೆರವು ಸಪ್ಪೆಯಾಗುತ್ತದೆ. ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡಿ. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಆ ಜಾಗಕ್ಕೆ ಬಿಡಿಸಲೇಬೇಡಿ.

ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಸಮತಟ್ಟು ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ, ಮೊಣಕಾಲು ನೋವಿರುವವರಿಗೆ ಕೇಡೆನ್ಸ್ ಧಾರಾಳವಾಗಿ ಸಾಕು. ಸುಮ್ಮನೆ ಕಾಲು ಆಡಿಸಿದರೂ ಮೋಟರ್ ಎಳೆಯುತ್ತದೆ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಮೈಸೂರಿನಲ್ಲಿದ್ದು ಬೆಟ್ಟ ಹತ್ತುವವರು ಟಾರ್ಕ್‌ಗೇ ದುಡ್ಡು ಹಾಕಲಿ.

ಅಂಗಡಿಯವರ ಮಾತನ್ನಷ್ಟೇ ನಂಬಬೇಡಿ. ಮೋಟರ್ ಇರುವ ಚಕ್ರವನ್ನು ಎತ್ತಿ ಹಿಡಿಸಿ, ಪೆಡಲನ್ನು ಕೈಯಲ್ಲಿ ಹಗುರವಾಗಿ ತಿರುಗಿಸಿ. ಮೋಟರ್ ಪೂರ್ತಿ ವೇಗಕ್ಕೆ ಏರಿದರೆ ಅದು ಬಹುತೇಕ ಕೇಡೆನ್ಸೇ.