ಯೋಸಿಸ್ ಬಳಸುವ ಎಐ ಏಜೆಂಟ್‌ಗೆ ಪೂರ್ಣ ಕೈಪಿಡಿಯೋ, ಕಿರು ಮಾರ್ಗಸೂಚಿಯೋ?

ಸುರತ್ಕಲ್‌ನ ಎನ್‌ಐಟಿಕೆಯಲ್ಲಾಗಲಿ ಮಣಿಪಾಲದಲ್ಲಾಗಲಿ ವಿದ್ಯಾರ್ಥಿ ತಂಡವೊಂದು ವೆರಿಲಾಗ್ ಎಂಬ ಭಾಷೆಯಲ್ಲಿ ಬರೆದ ತನ್ನ ಚಿಪ್ ವಿನ್ಯಾಸವನ್ನು ನೆಟ್‌ಲಿಸ್ಟ್ (ಸರ್ಕ್ಯೂಟ್‌ನ ಘಟಕಗಳು ಮತ್ತು ಅವುಗಳ ಜೋಡಣೆಯ ಪಟ್ಟಿ) ಆಗಿ ಪರಿವರ್ತಿಸುವ ಕೆಲಸವನ್ನು ಎಐ ಏಜೆಂಟ್‌ಗೆ ಒಪ್ಪಿಸುವುದಾದರೆ, ಈ ಪರಿವರ್ತನೆ ಮಾಡುವ ಯೋಸಿಸ್ ಎಂಬ ಮುಕ್ತ ತಂತ್ರಾಂಶದ ಬಗ್ಗೆ ಅದಕ್ಕೆ ಏನನ್ನು ಓದಲು ಕೊಡಬೇಕೆಂಬುದನ್ನು ಮೊದಲು ನಿರ್ಧರಿಸಬೇಕು.

ಪೂರ್ಣ ಕೈಪಿಡಿಯಲ್ಲಿ ಎಲ್ಲವೂ ಇದೆ. ಆದರೆ ದಿನನಿತ್ಯದ ಆದೇಶಗಳ ಜೊತೆಗೆ ಒಳಹಂತಗಳ ವಿವರವೂ ಬೆರೆತಿರುವುದರಿಂದ ಏಜೆಂಟ್‌ನ ಸೀಮಿತ ಓದುವ ಜಾಗ ಬೇಗ ತುಂಬುತ್ತದೆ. ಜಾಲತಾಣದ ಕೈಪಿಡಿ ನಿಮ್ಮ ಕಂಪ್ಯೂಟರ್‌ನಲ್ಲಿರುವ ಆವೃತ್ತಿಯದ್ದೇ ಆಗಿರಬೇಕೆಂದೂ ಇಲ್ಲ. ಯೋಸಿಸ್‌ನೊಳಗಿನ ‘ಹೆಲ್ಪ್’ ಆದೇಶಕ್ಕೆ ಈ ತೊಂದರೆಯಿಲ್ಲ.

ಕಿರು ಮಾರ್ಗಸೂಚಿಯ ಬಲವಿರುವುದು ಯಾವ ಕೈಪಿಡಿಯೂ ಹೇಳಲಾರದ ಸಂಗತಿಗಳಲ್ಲಿ: ಟಾಪ್ ಮಾಡ್ಯೂಲ್‌ನ (ವಿನ್ಯಾಸದ ಉಳಿದ ಭಾಗಗಳನ್ನೆಲ್ಲ ಒಳಗೊಂಡ ಮೇಲ್ಮಟ್ಟದ ಭಾಗದ) ಹೆಸರು, ಗುರಿಯಾದ ಚಿಪ್ (ಉದಾಹರಣೆಗೆ ಲ್ಯಾಟಿಸ್ ಐಸ್40), ಎಲ್ಲಕ್ಕಿಂತ ಮುಖ್ಯವಾಗಿ ಯಾವುದನ್ನು ಯಶಸ್ಸೆಂದು ಎಣಿಸಬೇಕು ಎಂಬುದು. ವೆರಿಲಾಗ್‌ನ ಸಾಮಾನ್ಯ ‘ಆಲ್ವೇಸ್’ ಬ್ಲಾಕ್‌ನಲ್ಲಿ ‘ಎಲ್ಸ್’ ಬಿಟ್ಟುಹೋಗಿ ಬೇಡದ ಲ್ಯಾಚ್ (ಹಳೆಯ ಮೌಲ್ಯವನ್ನು ಹಿಡಿದಿಡುವ ಘಟಕ) ಹುಟ್ಟಿಕೊಂಡರೆ, ಯೋಸಿಸ್ ಅದನ್ನು ಲಾಗ್‌ನಲ್ಲಿ (ಕೆಲಸದ ದಾಖಲೆಯಲ್ಲಿ) ಒಂದು ಸಾಲಾಗಿ ತಿಳಿಸಿ, ಸೊನ್ನೆ ನಿರ್ಗಮನ ಸಂಕೇತದೊಂದಿಗೆ, ಅಂದರೆ ದೋಷವಿಲ್ಲವೆಂಬ ಸೂಚನೆಯೊಂದಿಗೆ, ಮುಗಿಯುತ್ತದೆ. ಸಂಕೇತವನ್ನಷ್ಟೇ ನೋಡುವ ಏಜೆಂಟ್ ಕೆಲಸ ಸರಿಯಾಯಿತೆಂದು ವರದಿ ಮಾಡುತ್ತದೆ. ‘ಲಾಗ್‌ನಲ್ಲಿ ಲ್ಯಾಚ್ ಸೂಚನೆಯಿದ್ದರೆ ನಿಲ್ಲು, ಸಿಗ್ನಲ್‌ನ ಹೆಸರು ತಿಳಿಸು’ ಎಂಬ ಒಂದೇ ಸಾಲು ಇದನ್ನು ತಡೆಯಬಲ್ಲದು. ಅದೇ ತಪಾಸಣೆಯನ್ನು ಸ್ಕ್ರಿಪ್ಟ್‌ನಲ್ಲಿಯೂ ಬರೆದಿಡುವುದು ಇನ್ನೂ ಭದ್ರ.

ಮಾರ್ಗಸೂಚಿ ಹಳತಾಗುವ ಅಪಾಯ ನಿಜ. ಮಾಡ್ಯೂಲ್‌ನ ಹೆಸರು ಬದಲಿಸಿದವರೇ ಅದನ್ನೂ ತಿದ್ದಬೇಕು. ಆದರೂ ಹೆಚ್ಚಿನ ತಂಡಗಳಿಗೆ ಒಂದು ಪುಟದ ಮಾರ್ಗಸೂಚಿಯನ್ನೂ ವಿವರ ಬೇಕಾದಾಗ ‘ಹೆಲ್ಪ್’ ಓದುವ ಸೂಚನೆಯನ್ನೂ ಕೊಡುವುದೇ ಸೂಕ್ತ. ಯೋಸಿಸ್‌ಗೆ ಸಿ++ನಲ್ಲಿ ಹೊಸ ಹಂತಗಳನ್ನೇ ಬರೆಯುವವರು ಮಾತ್ರ ಪೂರ್ಣ ಕೈಪಿಡಿಯನ್ನು ಒದಗಿಸಲಿ.